ಹೊರಗಿನಿಂದ ಕೊಟ್ಟದ್ದು

ಬೇಸಿಗೆ ಮುಗಿಯುತ್ತ ಬಂದಿತ್ತು, ಮಧ್ಯಾಹ್ನ ನಾಲ್ಕರ ಹೊತ್ತು. ನಾದಿನಿ ಕುರ್ಚಿ ಎಳೆದುಕೊಂಡು ಬಂದು ಅತ್ತಿಗೆಯ ಕಂಪ್ಯೂಟರ್ ಪರದೆಯ ಮೇಲೆ ಬೆರಳಿಟ್ಟಳು.

"ಅತ್ತಿಗೆ, ಮೆಸೇಜ್ ಕಳಿಸೋ ಆಬ್ಜೆಕ್ಟನ್ನ ಪ್ರೋಗ್ರಾಮಿನ ಈ ಭಾಗ, ಈ ಕ್ಲಾಸ್, ತಾನೇ ಯಾಕೆ ಹುಟ್ಟಿಸಿಕೊಳ್ಳಬೇಕು? ನಾವು ಹೊರಗಿನಿಂದ ಕೊಡಬಹುದಲ್ವಾ?"

ಕೇಳಿದ್ದು ಮೆಲ್ಲಗೇ. ಆದರೆ ಲೋಟ ಹಿಡಿದು ಹಿಂದೆ ನಿಂತಿದ್ದ ಕಚೇರಿಯ ಮುಖ್ಯಸ್ಥರ ಕಿವಿಗೆ ಬಿತ್ತು. ಹಾಗೆ ಮಾಡಿ ತೋರಿಸು ಎಂದರು ಅವರು. ಅತ್ತಿಗೆ ಗೊತ್ತಿದ್ದವಳಂತೆ ತಲೆಯಾಡಿಸಿದಳು. ಗೊತ್ತಿರಲಿಲ್ಲ. ಮುಖ್ಯಸ್ಥರು ತನ್ನ ಮಾತಿಗೆ ಹಾಗೆ ಲೋಟ ತುಟಿಗಿಡುವುದನ್ನು ಮರೆತು ನಿಂತು ಎಷ್ಟು ವರ್ಷವಾಯಿತೆಂದು ನೆನೆಸಿಕೊಂಡಳು.

ಹಲ್ಲಿನ ಆಸ್ಪತ್ರೆಯ ಆ ಪ್ರೋಗ್ರಾಂ ಅವಳದು. ಎಂಟು ವರ್ಷದ ಹಿಂದೆ ಒಬ್ಬಳೇ ಬರೆದದ್ದು. ರೋಗಿಗಳ ಪಟ್ಟಿ ಇಟ್ಟುಕೊಂಡು, ಸರದಿ ಬಂದವರಿಗೆ ಮೆಸೇಜ್ ಕಳಿಸುವುದು ಅದರ ಕೆಲಸ. ನಾದಿನಿಯನ್ನು ಮನೆಯಲ್ಲಿಟ್ಟುಕೊಂಡು, ಊಟದ ಮೇಜಿನ ಮೇಲೆ ಮೊದಲ ಪಾಠ ಹೇಳಿಕೊಟ್ಟು, ಈ ಕಚೇರಿಗೆ ಸೇರಿಸಿದವಳೂ ಅವಳೇ. ಈಗ ಆ ಪ್ರೋಗ್ರಾಮನ್ನು ಹೊಸದಾಗಿ ಬರೆಯಬೇಕಿತ್ತು. ಇಬ್ಬರಲ್ಲಿ ಒಬ್ಬರಿಗೆ ಅದನ್ನು ಒಪ್ಪಿಸುವುದೆಂದು ಮಾತಾಗಿತ್ತು.

ಕಚೇರಿ ಬಿಡುವ ಮೊದಲೇ ನಾದಿನಿ ಪ್ರೋಗ್ರಾಮಿನ ಒಂದು ನಕಲಿನಲ್ಲಿ ಹಾಗೆ ಬರೆದಿಟ್ಟಳು. ಸಂಜೆ ಊಟಕ್ಕೆ ಕೂತಾಗ ಅತ್ತಿಗೆಯ ಗಂಡ, ಅಂದರೆ ನಾದಿನಿಯ ಅಣ್ಣ, ಗುರುವಿಗೇ ತಿರುಮಂತ್ರ ಹಾಕಿದೆಯಂತಲ್ಲ ಎಂದು ತಂಗಿಯನ್ನು ಕೆಣಕಿದ. ಅವನು ಬಸ್ಸಿನ ಡ್ರೈವರು. ಅದೇನು ಅಂಥಾ ವಿದ್ಯೆ ಎಂದು ಕೇಳಿದ.

"ಅಣ್ಣ, ಬಸ್ ಕಟ್ಟುವಾಗಲೇ ನಿನ್ನನ್ನ ಸೀಟಿಗೆ ಬೆಸುಗೆ ಹಾಕಿಬಿಟ್ಟಿದ್ರೆ? ನಿನಗೆ ಜ್ವರ ಬಂದ ದಿನ ಬಸ್ಸೂ ಮಲಗ್ತಿತ್ತು. ಡ್ರೈವರನ್ನ ಡಿಪೋದವರು ಕೊಡ್ತಾರೆ. ಯಾರನ್ನ ಕೊಟ್ರೂ ಬಸ್ ಓಡುತ್ತೆ. ಅಷ್ಟೇ. ಅದಕ್ಕೆ ಡಿಪೆಂಡೆನ್ಸಿ ಇಂಜೆಕ್ಷನ್ ಅಂತ ದೊಡ್ಡ ಹೆಸರು."

"ಹಾಗಾದ್ರೆ ನನ್ನ ಹೆಂಡತಿ ಎಂಟು ವರ್ಷದಿಂದ ಬೆಸುಗೆ ಹಾಕ್ತಿದಾಳೆ ಅನ್ನು," ಎಂದು ಅವನು ತುತ್ತು ಬಿಟ್ಟು ನಕ್ಕ.

ಗೇರು ಹಾಕುವವನಿಗೆ ಹೊಳೆದದ್ದು ಅತ್ತಿಗೆಗೆ ಹೊಳೆಯಲಿಲ್ಲ. ಇನ್ನೊಮ್ಮೆ ಹೇಳು ಎಂದು ಕೇಳುವುದಕ್ಕೂ ಬಾಯಿ ಬರಲಿಲ್ಲ. ಬಿಸಿತುಪ್ಪ ಬಾಯಲ್ಲಿಟ್ಟುಕೊಂಡವಳಂತೆ ಕೂತಿದ್ದಳು.

ಮರುದಿನ ಎಲ್ಲರಿಗಿಂತ ಮುಂಚೆ ಕಚೇರಿಗೆ ಹೋದಳು. ಹಳೆಯದೇ ಸರಿಯಿದೆಯೆಂದು ತೋರಿಸಬೇಕಿತ್ತು. ಆಸ್ಪತ್ರೆಯ ಆ ವಾರದ ಪಟ್ಟಿಯನ್ನೇ, ಎಲ್ಲರ ಸರದಿಯೂ ಅಂದೇ ಎಂಬಂತೆ ಕೊಟ್ಟು, ಪರೀಕ್ಷೆಗೆಂದು ಓಡಿಸಿದಳು. ಪರೀಕ್ಷೆಯೆಂದು ಆ ಕ್ಲಾಸಿಗೇನು ಗೊತ್ತು? ಎಂದಿನಂತೆ ತನ್ನ ಮೆಸೇಜಿನವನನ್ನು, ಆ ಕಳಿಸುವ ಆಬ್ಜೆಕ್ಟನ್ನು, ತಾನೇ ಹುಟ್ಟಿಸಿಕೊಂಡಿತು. ನಿಮ್ಮ ಸರದಿ ಬಂದಿದೆ, ಬನ್ನಿ ಎಂದು ಅರವತ್ತೆರಡು ಮಂದಿಗೆ ಮೆಸೇಜ್ ಹೋಯಿತು. ಹತ್ತು ಗಂಟೆಗೆ, ಏಳೇ ಕುರ್ಚಿಯ ಆಸ್ಪತ್ರೆಯಲ್ಲಿ, ಊದಿದ ಕೆನ್ನೆಗಳು ಮೆಟ್ಟಿಲವರೆಗೆ ನಿಂತಿದ್ದವು.

ವೈದ್ಯರ ಫೋನ್ ಬಂದಾಗ ಮುಖ್ಯಸ್ಥರು ನೋಡಿದ್ದು ನಾದಿನಿಯ ಕಡೆ. ಹಿಂದಿನ ದಿನ ಅದನ್ನು ಮುಟ್ಟಿದವಳು ಅವಳಲ್ಲವೆ. ಎಲ್ಲಿ ತಪ್ಪಿತೋ ಹುಡುಕುತ್ತೇನೆ ಎಂದಳು ಅವಳು. ಅತ್ತಿಗೆ ತುಟಿ ಬಿಚ್ಚಲಿಲ್ಲ.

ಮಧ್ಯಾಹ್ನವಾದರೂ ನಾದಿನಿ ಊಟಕ್ಕೆ ಏಳಲಿಲ್ಲ. ಪಕ್ಕದಲ್ಲಿ ಅತ್ತಿಗೆಯೂ ಅವಳು ಬರೆದದ್ದನ್ನು ತೆರೆದು ಓದತೊಡಗಿದಳು. ಒಂದಾದರೂ ಹುಳುಕು ಸಿಕ್ಕರೆ ಸಾಕಿತ್ತು. ಹುಳುಕು ಹುಡುಕುತ್ತ ಹುಡುಕುತ್ತಲೇ ಅರ್ಥವಾಯಿತು. ಇಲ್ಲಿ ಮೆಸೇಜಿನವನನ್ನು ಹೊರಗಿನಿಂದ ಕ್ಲಾಸಿನ ಕೈಗೆ ಕೊಡಲಾಗಿತ್ತು. ಪರೀಕ್ಷೆಗೆಂದು ನಾದಿನಿ ಕೊಟ್ಟವನು ಸುಳ್ಳು ಮೆಸೇಜಿನವನು. ಯಾರಿಗೂ ಏನೂ ಕಳಿಸದೆ ಹೆಸರಷ್ಟೇ ಬರೆದಿಟ್ಟುಕೊಳ್ಳುವವನು. ಬರೆದಿಟ್ಟ ಹೆಸರು ಎರಡೇ ಇದ್ದವು. ಅಣ್ಣ, ಅತ್ತಿಗೆ.

ನಾಲ್ಕು ಗಂಟೆಯಾಯಿತು.

"ಹುಡುಕಬೇಡ ಕಣೆ," ಎಂದಳು. "ನಿನ್ನದರಲ್ಲಿ ತಪ್ಪಿಲ್ಲ. ಬೆಳಿಗ್ಗೆ ಹಳೇದನ್ನ ಓಡಿಸಿದ್ದು ನಾನು."

ನಾದಿನಿ ಪರದೆಯಿಂದ ಕಣ್ಣು ತೆಗೆಯಲಿಲ್ಲ.

"ಇಷ್ಟು ಹೊತ್ತೂ ಪಕ್ಕದಲ್ಲೇ ಕೂತಿದ್ರಲ್ಲ ಅತ್ತಿಗೆ," ಎಂದಳು.

ಅತ್ತಿಗೆ ಎದ್ದು ಮುಖ್ಯಸ್ಥರ ಕೋಣೆಗೆ ಹೋಗಿ ಅಲ್ಲೂ ಅದನ್ನೇ ಹೇಳಿದಳು. ಹೊಸದಾಗಿ ಬರೆಯುವ ಕೆಲಸ ನಾದಿನಿಯ ಪಾಲಾಯಿತು. ಅಂದು ಊಟದ ಹೊತ್ತಿಗೆ ಡ್ರೈವರು ಏನೋ ತಮಾಷೆ ಮಾಡಹೋಗಿ, ಇಬ್ಬರ ಮುಖ ನೋಡಿ ಉಪ್ಪಿನಕಾಯಿಗೆ ಕೈ ಚಾಚಿದ.

ಕಚೇರಿಯ ಹತ್ತಿರ ಒಂದು ಕೋಣೆ ಸಿಕ್ಕಿದೆ ಎಂದು ನಾದಿನಿ ಹೇಳಿದ್ದು ಶನಿವಾರ. ಸೋಮವಾರ ಬೆಳಿಗ್ಗೆ ಹೊರಡುವಾಗ ಅಣ್ಣ ಪೆಟ್ಟಿಗೆ ಹೊತ್ತು ಮೆಟ್ಟಿಲಿಳಿದ. ಮನೆಯ ಕೀಲಿಕೈಯನ್ನು ಯಾವಾಗಲೂ ಬಾಗಿಲ ಹಿಂದಿನ ಮೊಳೆಗೆ ಹಾಕುತ್ತಿದ್ದ ನಾದಿನಿ, ಅಂದು ಅಲ್ಲಿಗೆ ಹಾಕದೆ ಅತ್ತಿಗೆಯ ಅಂಗೈಗೇ ಕೊಟ್ಟಳು. ಅಷ್ಟು ಹೊತ್ತು ಅವಳ ಮುಷ್ಟಿಯಲ್ಲಿದ್ದುದರಿಂದ ಅದು ಬೆಚ್ಚಗಿತ್ತು.