ಮೆತ್ತನೆಯ ಮಣ್ಣು

ಗುದ್ದಲಿ ಎರಡನೆಯ ಸಲ ಬೀಳುವಷ್ಟರಲ್ಲಿ ಸೊಸೆ ಹಿತ್ತಲಿಗೆ ಓಡಿಬಂದಿದ್ದಳು. ಅತ್ತೆಯ ಹೆಣ ಇನ್ನೂ ನಡುಮನೆಯಲ್ಲಿತ್ತು. ಗುಂಡಿ ತೋಡಲು ಬಂದವರು ಅತ್ತೆಯ ಅವರೆಬಳ್ಳಿಯನ್ನು ಬುಡಸಮೇತ ಕಿತ್ತು ಪಕ್ಕಕ್ಕೆಸೆದಿದ್ದರು.

"ಅಯ್ಯೋ, ಇಲ್ಲಿ ಬೇಡ! ನಿಲ್ಸಿ!"

"ಇಲ್ಲೇ ತಾಯಿ ಮಣ್ಣು ಮೆತ್ತಗಿರೋದು. ಬೇರೆ ಕಡೆ ಎಲ್ಲಾ ಜೋಳ ನಿಂತಿದೆ," ಎಂದ ಒಬ್ಬ.

ದೊಡ್ಡಮಾವ ಕೋಲೂರಿಕೊಂಡು ಬಂದರು. "ಬದುಕಿರೋವರೆಗೂ ಇಲ್ಲೇ ಕೆದರ್ತಾ ಕೂತಿದ್ಲು. ಅವಳಿಗೆ ಆರಡಿ ಜಾಗ ಕೊಡೋಕೂ ನಿಂಗೆ ಮನಸ್ಸು ಬರಲ್ವೇನಮ್ಮ?"

ನೆರೆದವರೆಲ್ಲ ಅವಳನ್ನೇ ನೋಡಿದರು. ಸೊಸೆ ಗುಂಡಿಗೆ ಅಡ್ಡ ಬಂದು ನಿಂತಳು. ಅವಳನ್ನು ಕಾಡಿದ್ದು ನಾಚಿಕೆಯಲ್ಲ, ಹೆದರಿಕೆ. ಬೆಳಿಗ್ಗೆ ಯಾರೂ ಏಳುವ ಮೊದಲು ಅವಳು ನರ್ಸ್ ಬಿಟ್ಟುಹೋಗಿದ್ದ, ಸೊರಗಿದ್ದನ್ನು ಬಣ್ಣದಲ್ಲಿ ತೋರಿಸುವ ಅಳತೆಪಟ್ಟಿಯನ್ನು ಮಗುವಿನ ತೋಳಿಗೆ ಸುತ್ತಿ ನೋಡಿದ್ದಳು.

*

ಹೋದ ವರ್ಷ ಇಡೀ ಹೊಲಕ್ಕೆ ಜೋಳ ಬಿತ್ತಿದ್ದರು. ಮೂರು ಹೊತ್ತೂ ಜೋಳದ ಗಂಜಿ. ಮಗು ಹೊಟ್ಟೆ ತುಂಬ ಕುಡಿಯುತ್ತಿತ್ತು. ಒಂದೂವರೆ ವರ್ಷವಾದರೂ ಎದ್ದು ನಿಲ್ಲಲಿಲ್ಲ. ನರ್ಸ್ ಪಟ್ಟಿ ಸುತ್ತಿದಾಗ ಗುರುತು ಹಸಿರನ್ನು ದಾಟಿ, ಹಳದಿಯ ಕೊನೆಗೆ, ಕೆಂಪಿನ ಪಕ್ಕಕ್ಕೆ ಬಂದಿತ್ತು.

"ಹೊಟ್ಟೆ ತುಂಬಿದ್ರೆ ಸಾಲ್ದಮ್ಮ. ಕೆಂಪಿಗೆ ಬಂದ್ರೆ ಸಣ್ಣ ಜ್ವರಾನೂ ತಡ್ಕೊಳಲ್ಲ," ಎಂದಿದ್ದಳು ನರ್ಸ್.

"ಮಗು ಕಣೇ ಇದು, ಒಂದೇ ಕಾಳು ಸುರೀತಾ ಇರೋಕೆ ಕಣಜ ಅಲ್ಲ," ಎಂದು ಸೊಸೆಯನ್ನು ಗದರಿದ ಅತ್ತೆ, ಮಗನೊಡನೆ ಜಗಳವಾಡಿ ಹಿತ್ತಲಲ್ಲಿ ನಾಲ್ಕು ಮಂಚದಷ್ಟು ನೆಲ ಬಿಡಿಸಿಕೊಂಡಳು. ಸೊಪ್ಪು, ಅವರೆ, ಕುಂಬಳ, ಗೆಣಸು, ನಡುವೆ ಕೆದಕುವ ಎರಡು ಕೋಳಿ. ದಿನಕ್ಕೊಂದು ಬಗೆ ಬೇಯಿಸಿ ಕಿವುಚಿ ಮಂಚದ ಮೇಲೆ ಕೂರುವಳು. ಮಗು ಬಾಯಿ ಬಿಗಿದರೆ ಅವಳದೊಂದು ಉಪಾಯವಿತ್ತು: ಮೊದಲ ತುತ್ತನ್ನು ಮಗುವೇ ಅಜ್ಜಿಗೆ ತಿನ್ನಿಸಬೇಕು. ಅಜ್ಜಿ ಕಣ್ಣು ಮುಚ್ಚಿ ಬಾಯಿ ತೆರೆಯುವಳು. ಆಮೇಲೆ ಬಟ್ಟಲು ಖಾಲಿ! ಐದು ತಿಂಗಳಲ್ಲಿ ಗುರುತು ಹಸಿರಿಗೆ ಬಂತು, ಮಗು ಕೋಳಿಗಳ ಹಿಂದೆ ಓಡಿತು.

ಅತ್ತೆ ಹಾಸಿಗೆ ಹಿಡಿದ ಎರಡು ತಿಂಗಳು ಯಾರೂ ಹಿತ್ತಲ ಕಡೆ ತಲೆ ಹಾಕಲಿಲ್ಲ. ಆರೈಕೆಯ ಗಡಿಬಿಡಿಯಲ್ಲಿ ಸೊಸೆ ಮತ್ತೆ ಬರೀ ಗಂಜಿ ಕಾಯಿಸಿದಳು.

*

ಗಂಡ ಹತ್ತಿರ ಬಂದು ಪಿಸುಗುಟ್ಟಿದ. "ಎಲ್ರ ಮುಂದೆ ಮಾನ ತೆಗೀಬೇಡ ಕಣೇ."

ಅವಳು ಒಳಗೆ ಹೋಗಿ ಮಗುವನ್ನು ಎತ್ತಿ ತಂದಳು. ಅದರ ತೋಳಿಗೆ ಪಟ್ಟಿ ಸುತ್ತಿದಳು. ಹಳದಿ.

"ನೀವೇ ನೋಡಿ. ಗೋರಿಯಾದ ಮೇಲೆ ಇಲ್ಲಿ ಬಿತ್ತೋಕೆ ಬಿಡ್ತೀರಾ? ನಂಗೆ ಹೆದ್ರಿಕೆ ಆಗ್ತಿದೆ ಕಣ್ರೀ. ಅತ್ತೆ ಹೋದ್ರು. ಈ ನೆಲಾನೂ ಹೋದ್ರೆ ಇವಳನ್ನ ಹೇಗೆ ಉಳಿಸ್ಕೊಳ್ಳಲಿ?"

ಗಂಡ ಆ ತೋಳನ್ನೇ ನೋಡಿದ. ಆಮೇಲೆ ಗೋಡೆಯ ಕುಡುಗೋಲು ತೆಗೆದುಕೊಂಡು ಹೊಲಕ್ಕಿಳಿದು, ಇನ್ನೂ ಬಲಿಯದ ಹಾಲುಗಾಳಿನ ಜೋಳವನ್ನು ಸರಸರ ಕೊಯ್ದು ಹಾಕತೊಡಗಿದ. ದೊಡ್ಡಮಾವ ಕೋಲೆತ್ತಿ ಗುದ್ದಲಿಯವರಿಗೆ ಅತ್ತ ಹೋಗುವಂತೆ ಸನ್ನೆ ಮಾಡಿದರು.

ಮಣ್ಣು ಮುಚ್ಚಿ ಎಲ್ಲರೂ ಹೊರಟ ಮೇಲೆ ಸೊಸೆ ಬಳ್ಳಿಯನ್ನು ಮತ್ತೆ ನೆಟ್ಟು ನೀರು ಹೊಯ್ದಳು. ಅದು ಬದುಕುವುದೋ ಇಲ್ಲವೋ, ಅವಳಿಗೆ ತಿಳಿಯದು. ಸಿಕ್ಕಷ್ಟು ಸೊಪ್ಪನ್ನೂ ಒಂದು ಮೊಟ್ಟೆಯನ್ನೂ ಬೇಯಿಸಿ ಕಿವುಚಿ ತಂದಳು. ಮಗು ಬಾಯಿ ಬಿಗಿದುಕೊಂಡಿತು. ಎಷ್ಟು ಮುದ್ದು ಮಾಡಿದರೂ ತೆರೆಯಲಿಲ್ಲ.

ಕೊನೆಗೆ ಬಟ್ಟಲಿಗೆ ತಾನೇ ಕೈ ಹಾಕಿ ಒಂದು ತುತ್ತು ಹಿಡಿದು, ತಪ್ಪುಹೆಜ್ಜೆ ಹಾಕುತ್ತ ಖಾಲಿ ಮಂಚದ ಬಳಿ ಹೋಯಿತು. ಕೈ ಮೇಲೆತ್ತಿ ಕಾದು ನಿಂತಿತು.

ಸೊಸೆ ಮಂಚದ ಮೇಲೆ ಹೋಗಿ ಕೂತಳು. ಕಣ್ಣು ಮುಚ್ಚಿ ಬಾಯಿ ತೆರೆದಳು.