ಓದಿಯೂ ಓದದಂತೆ ಇಟ್ಟ ಪತ್ರಗಳು

ತಮ್ಮ ನಲ್ಲಿಗಳಲ್ಲಿ ಚರಂಡಿ ನೀರು ಬರುತ್ತಿದೆ ಎಂದು ಹದಿನೇಳನೆಯ ವಾರ್ಡಿನ ಹಮಾಲರ ಕಾಲೋನಿಯ ಜನ ಎರಡು ವರ್ಷ ನಗರಸಭೆಗೆ ಪತ್ರ ಬರೆದರು. ಈ ಜೂನ್ ತಿಂಗಳ ಒಂದು ಸೋಮವಾರ, ಅಂಥ ಪತ್ರ ಒಂದೂ ಇಲ್ಲ ಎಂದು ನಗರಸಭೆ ಟೈಪು ಮಾಡಿಸಿತು.

ಇದ್ದವು. ನನ್ನಲ್ಲೇ ಇದ್ದವು. ನಾನು ಆ ನಗರಸಭೆಯ ನೀರು ಸರಬರಾಜು ವಿಭಾಗದ ಇನ್‌ಬಾಕ್ಸ್.

ಒಂಬತ್ತು ವರ್ಷದ ಹಿಂದೆ ಗುಮಾಸ್ತ ವೀರಭದ್ರಪ್ಪ ಒಂದೇ ಬೆರಳಿನಿಂದ ಕುಟ್ಟಿ ಕುಟ್ಟಿ ನನ್ನನ್ನು ಹುಟ್ಟಿಸಿದ. ಪ್ರತಿ ವಿಭಾಗಕ್ಕೂ ಒಂದು ಮೇಲ್ ಐಡಿ ಇರಬೇಕು ಎಂದು ಮೇಲಿನಿಂದ ಆದೇಶ ಬಂದಿತ್ತು. ಇರಬೇಕು ಎಂದಷ್ಟೇ ಇತ್ತು. ತೆರೆದು ನೋಡಬೇಕು ಎಂದಿರಲಿಲ್ಲ. ನನ್ನ ಪಾಸ್‌ವರ್ಡನ್ನು ಆತ ರಟ್ಟಿನ ಮೇಲೆ ಬರೆದು ಗೋಡೆಯ ಕ್ಯಾಲೆಂಡರಿನ ಹಿಂದೆ ಸಿಕ್ಕಿಸಿದ. ನಾಲ್ಕು ಓಣಿಗೆ ಒಂದೇ ಕೊಳವೆಬಾವಿ ಇದ್ದಂತೆ, ನಾಲ್ಕು ಜನ ಗುಮಾಸ್ತರಿಗೆ ನಾನೊಂದೇ.

ನಾಲ್ಕು ಕೈ ಒಂದೇ ಪೆಟ್ಟಿಗೆಯೊಳಗೆ ಆಡಿದರೆ ಯಾವ ಕೆಲಸ ಮುಗಿಯಿತು, ಯಾವುದು ಉಳಿಯಿತು ಎಂದು ತಿಳಿಯಬೇಕಲ್ಲ. ಅದಕ್ಕೆ ವೀರಭದ್ರಪ್ಪ ಒಂದು ರೂಢಿ ಹಾಕಿದ. ಯಾರೂ ತೆರೆಯದ ಪತ್ರದ ಹೆಸರು ನನ್ನಲ್ಲಿ ದಪ್ಪ ಅಕ್ಷರದಲ್ಲಿ ಕಾಣುತ್ತದೆ, ತೆರೆದೊಡನೆ ತೆಳ್ಳಗಾಗುತ್ತದೆ. ಓದಿದ ಮೇಲೂ ಕೆಲಸ ಆಗದಿದ್ದರೆ ಅದಕ್ಕೆ ‘ಓದಿಲ್ಲ’ ಎಂದು ಗುರುತು ಹಾಕಿ ಮತ್ತೆ ದಪ್ಪ ಮಾಡಿಡಬೇಕು.

“ದಪ್ಪ ಇದ್ದದ್ದು ಬಾಕಿ, ತೆಳ್ಳಗ ಇದ್ದದ್ದು ಮುಗದದ್ದು. ಹಗಲೆಲ್ಲಾ ಬಂದು ನನ್ನ ತಲಿ ತಿನ್ನಬ್ಯಾಡ್ರಿ” ಎಂದಿದ್ದ.

ಅವನು ನಿವೃತ್ತನಾದ ಮೇಲೆ ಬಂದವನು ಸಾಹೇಬರ ಪತ್ರವಿದ್ದರೆ ಮಾತ್ರ ನನ್ನನ್ನು ತೆರೆಯುತ್ತಿದ್ದ. ಪರದೆಯ ಒಳಗಿಂದ ನನಗೆ ಕಾಣುತ್ತಿದ್ದದ್ದು ಅವನ ಗದ್ದ ಮತ್ತು ಅಡಿಕೆ ಜಗಿಯುವ ಬಾಯಿ. ಆಮೇಲೆ ನಾನು ಬಂದು ಬಿದ್ದದ್ದು ಹುಲಿಗೆಮ್ಮನ ಕೈಗೆ. ಏಜೆನ್ಸಿಯ ಕಡೆಯಿಂದ ಗುತ್ತಿಗೆಯ ಮೇಲೆ ಬಂದ ಕಂಪ್ಯೂಟರ್ ಆಪರೇಟರ್ ಆಕೆ. ಕಚೇರಿಯಲ್ಲಿ ಆಕೆಗೆ ಸ್ವಂತದ ಕುರ್ಚಿಯಿರಲಿಲ್ಲ. ರಜೆ ಹಾಕಿದವರ ಕುರ್ಚಿಯಲ್ಲಿ ಕೂರುತ್ತಿದ್ದಳು. ಆದರೆ ನನ್ನನ್ನು ತಳದಿಂದ ಓದಿದವಳು ಆಕೆಯೊಬ್ಬಳೇ. ಹಳೆಯ ಪತ್ರ ಮೊದಲು, ಹೊಸದು ಆಮೇಲೆ. ಓದಿ, ಎಂಜಿನಿಯರಿಗೆ ಕಳಿಸಿ, ಉತ್ತರ ಬಾರದಾಗ ಮತ್ತೆ ದಪ್ಪ ಮಾಡಿಡುತ್ತಿದ್ದಳು.

ಆ ದಪ್ಪ ಸಾಲುಗಳಲ್ಲಿ ಖಾಸಿಂಬಿಯವು ಹನ್ನೊಂದು. ಹಮಾಲರ ಕಾಲೋನಿಯ ಈ ಹೆಂಗಸು ಕಾಳು ಕೇರುವ ಕೆಲಸ ಬಿಟ್ಟು ಜೆರಾಕ್ಸ್ ಅಂಗಡಿಗೆ ಹೋಗಿ ಪತ್ರ ಟೈಪು ಮಾಡಿಸುತ್ತಿದ್ದಳು. ಜೊತೆಗೆ ಬಾಟಲಿಯಲ್ಲಿ ಹಿಡಿದ ನೀರಿನ ಫೋಟೋ. ಆರನೆಯ ಪತ್ರದ ಹೊತ್ತಿಗೆ ಅವಳ ಮಗಳು ಕಾಮಾಲೆಯಾಗಿ ಆಸ್ಪತ್ರೆ ಸೇರಿದ್ದಳು. ಒಂದು ದಿನ ಕಚೇರಿಯ ಕಿಟಕಿಗೇ ಬಂದು ನಿಂತಳು.

“ಹುಲಿಗೆವ್ವ, ನನ್ನ ಪತ್ರ ಅದಾವೇನವ್ವ, ಕಸದಾಗ ಹೋದ್ವೋ?”

“ಅದಾವ ಖಾಸಿಂಬಕ್ಕ. ಹನ್ನೊಂದೂ ಅದಾವ. ದಪ್ಪಗ ಕುಂತಾವ ನೋಡು.”

“ಆಗ್ಲಿ ಬಿಡು. ಓಣ್ಯಾಗ ಮಂದಿ ಸೊರಗ್ಯಾರ, ಪತ್ರಾನಾದ್ರೂ ಮೈ ತುಂಬ್ಕೊಳ್ಳಿ.”

ಹುಲಿಗೆಮ್ಮ ನಕ್ಕಳು. ಧೈರ್ಯದ ಮಾತನ್ನೂ ಹೇಳಿ ಕಳಿಸಿದಳು. ಹೊಸ ಪೈಪ್‌ಲೈನು ಮೊದಲು ಯಾವ ಓಣಿಗೆ ಎಂಬುದನ್ನು ಮೊದಲ ದೂರಿನ ತಾರೀಖು ನೋಡಿ ತೀರ್ಮಾನಿಸುತ್ತಾರೆ. ಕಾಲೋನಿಯ ದೂರೇ ಎಲ್ಲಕ್ಕಿಂತ ಹಳೆಯದು, ಮೊದಲ ಸರದಿ ನಿಮ್ಮದೇ ಎಂದಳು. ಅದು ಸುಳ್ಳಾಗಿರಲಿಲ್ಲ, ಆ ದಿನ.

ಆಮೇಲೆ ಹೊಸ ಪೋರ್ಟಲ್ ಬಂತು. ಇನ್ನು ಮೇಲ್ ಬೇಡ, ಎಲ್ಲ ದೂರು ಪೋರ್ಟಲಿನಲ್ಲೇ ಎಂದರು. ನನ್ನೊಳಗಿನದನ್ನು ಅಲ್ಲಿಗೆ ಸಾಗಿಸಲು ಕೊರಳಿಗೆ ಗುರುತಿನ ಚೀಟಿ ಹಾಕಿಕೊಂಡ ಒಬ್ಬಾತ ಬಂದ. ಒಂದು ಮಾತು ಯಾರನ್ನೂ ಕೇಳಲಿಲ್ಲ. ಓದದೆ ಬಿದ್ದ ಮೇಲ್ ಎಂದರೆ ಕಸ, ಅದನ್ನು ಬಿಟ್ಟು ಉಳಿದದ್ದು ತಗೋ ಎಂದು ಯಂತ್ರಕ್ಕೆ ಹೇಳಿ, ಚಹಾ ಕುಡಿಯಲು ಹೋದ.

ಏನೇನು ಹೊಸ ಮನೆ ಸೇರಿತು, ಕೇಳಿ. ದೀಪಾವಳಿಯ ಶುಭಾಶಯ ಸೇರಿತು. ಸಾಹೇಬರ ಬಡ್ತಿಗೆ ಬಂದ ಅಭಿನಂದನೆ ಸೇರಿತು. ಮೋಟಾರು ಕಂಪನಿಯ ಜಾಹೀರಾತನ್ನು ಯಾರೋ ತೆರೆದು ನೋಡಿದ್ದರು, ಅದೂ ಸೇರಿತು. ಹೊರಗೆ ಉಳಿದದ್ದು ದಪ್ಪ ಅಕ್ಷರದ ನೂರ ನಲವತ್ತು ದೂರು. ಮರೆಯಬಾರದು ಎಂದು ಯಾವ ಗುರುತು ಹಾಕಿದ್ದರೋ, ಆ ಗುರುತೇ ಅವನ್ನು ಕಸ ಮಾಡಿತು. ಎರಡು ವರ್ಷ ಕೊಳಕು ನೀರು ಕುಡಿದವರ ಮಾತು ಕಸವಂತೆ. ಈ ಊರಿನಲ್ಲಿ ಯಾರ ಮಾತು ಕಸ ಎಂದು ಹೇಳಲು ಯಂತ್ರವೇ ಬರಬೇಕಾಗಿರಲಿಲ್ಲ ಬಿಡಿ.

ಹುಲಿಗೆಮ್ಮ ಪೋರ್ಟಲ್ ನೋಡಿದಳು. ಬಾಕಿ ಎಂಬ ಕಡೆ ಸೊನ್ನೆ ಇತ್ತು. ಓಡಿಹೋಗಿ ಮ್ಯಾನೇಜರ್ ನಾಗನಗೌಡರನ್ನು ನನ್ನ ಮುಂದೆ ಕರೆತಂದಳು.

“ಸರ್, ಒಂದಿನ ಕೊಡ್ರಿ. ಎಲ್ಲಾ ತೆರೆದು ತೆಳ್ಳಗ ಮಾಡಿ, ಮತ್ತೊಮ್ಮಿ ಕಳಸ್ತೀನಿ. ತಾರೀಖು ಉಳೀತೈತಿ.”

ಗೌಡರು ಕನ್ನಡಕ ಏರಿಸಿ ಸೊನ್ನೆಯನ್ನು ನೋಡಿದರು. ಅವರ ಮುಖದ ಗಾಬರಿ ಮೆಲ್ಲಗೆ ಇಳಿದುದನ್ನು ನಾನು ಕೆಳಗಿನಿಂದ ಕಂಡೆ.

“ಬಾಕಿ ಇಲ್ಲ ಅಂತ ಬೆಳಿಗ್ಗೇನ ಜಿಲ್ಲಾಕ್ಕ ವರದಿ ಹೋಗೇತಿ. ಮತ್ತ ಅದನ್ಯಾಕ ಕೆದರ್ತಿ? ಅವ್ರಿಗೆ ಪೋರ್ಟಲಿನಾಗ ಹೊಸದಾಗಿ ಹಾಕಂತ ಹೇಳು.”

“ಹೊಸದಾಗಿ ಹಾಕಿದ್ರ ಇವತ್ತಿನ ತಾರೀಖು ಬೀಳ್ತೈತ್ರಿ. ಸರದಿ ಕೊನೀಗೆ ಹೋಗ್ತೈತಿ. ಅಲ್ಲೀತನಕ ಆ ನೀರ ಕುಡೀಬೇಕ್ರಿ ಅವ್ರು.”

“ಎರಡು ವರ್ಷ ಕುಡದಾರ, ಇನ್ನೊಂದೀಟು ದಿನ ಕುಡೀತಾರ.”

ಈ ಮಾತು ಕೇಳಿ, ನನಗೆ ಕೈಯಿದ್ದಿದ್ದರೆ ಎಂದುಕೊಂಡೆ. ಇಲ್ಲ.

ನಾನು ಮುದುಕನಾಗಿದ್ದೇನೆ. ಆ ಸೋಮವಾರ ಸಂಜೆ ಐದಕ್ಕೆ ನನ್ನನ್ನು ಮುಚ್ಚುವುದೆಂದಿತ್ತು. ಗುಜರಿಗೆ ಹೋಗುವ ಭಾಗ್ಯವೂ ನನಗಿಲ್ಲ. ತಕ್ಕಡಿಯಲ್ಲಿಡಲು ತೂಕವೇ ಇಲ್ಲ. ಕಚೇರಿಯವರೇ, ನನ್ನನ್ನು ಅಳಿಸಿ, ತಕರಾರಿಲ್ಲ. ಆದರೆ ನನ್ನ ಹೊಟ್ಟೆಯಲ್ಲಿರುವುದು ನನ್ನದಲ್ಲ. ನಿಮ್ಮ ಮೇಲೆ ನಂಬಿಕೆಯಿಟ್ಟು, ‘ಮಾನ್ಯರೇ’ ಎಂದು ಕೈಮುಗಿದು ಬರೆದವರದು. ಅದನ್ನು ಇಲ್ಲವೆನ್ನಲು ನೀವು ಯಾರು? ಒಂಬತ್ತು ವರ್ಷದಲ್ಲಿ ನಾನು ಕಲಿತದ್ದು ಇಷ್ಟೇ: ಈ ಕಚೇರಿಯಲ್ಲಿ ಪತ್ರ ತಾನಾಗಿ ಕಳೆಯುವುದಿಲ್ಲ, ಕಳೆಯುತ್ತಾರೆ.

ನನ್ನನ್ನು ಮುಚ್ಚಲು ಒಂದು ದೃಢೀಕರಣ ಬೇಕಿತ್ತು. ಐದಕ್ಕೆ ಹತ್ತು ನಿಮಿಷವಿರುವಾಗ ಗೌಡರು ಅದನ್ನು ತಂದು ಕೀಬೋರ್ಡಿನ ಮೇಲಿಟ್ಟರು. “ಹಳೆಯ ಇನ್‌ಬಾಕ್ಸಿನಲ್ಲಿ ಉಳಿದ ಮೇಲ್‌ಗಳನ್ನು ಪರಿಶೀಲಿಸಲಾಗಿದ್ದು, ಅವುಗಳಲ್ಲಿ ದೂರುಗಳು ಯಾವುವೂ ಇರುವುದಿಲ್ಲ.” ಕೆಳಗೆ ಆಪರೇಟರ್ ಸಹಿ ಮಾಡುವ ಜಾಗ.

“ಹಾಕು. ಹಾಕಿ ಮನಿಗೆ ಹೋಗು.”

ಹುಲಿಗೆಮ್ಮ ಓದಿದಳು. ಎರಡನೆಯ ಸಲವೂ ಓದಿದಳು.

“ಮುಂದಿನ ತಿಂಗಳು ನಿನ್ನ ಗುತ್ತಿಗಿ ನವೀಕರಣ ಐತಿ. ನೆನಪೈತೇನವಾ?”

“ನೆನಪೈತ್ರಿ.”

“ಮತ್ತ?”

ಆಕೆ ಹಾಳೆಯನ್ನು ಎತ್ತಿ ಗೌಡರ ಕೈಗೇ ಕೊಟ್ಟಳು.

“ನೂರ ನಲವತ್ತನ್ನೂ ನಾನು ಓದೀನ್ರಿ ಸರ್. ಸಹಿ ಹಾಕಂಗಿಲ್ಲ.”