ಮುತ್ಲಾ ಇಳಿಜಾರಿನಲ್ಲಿ ಎರಡು ಪಿಕಪ್

ಗುರುಸಿದ್ದನಿಗೂ ಸಿದ್ದಯ್ಯನಿಗೂ ಗಾಡಿಯ ವಿಷಯ ಒಂದನ್ನು ಬಿಟ್ಟರೆ ಬೇರೆ ಯಾವುದಕ್ಕೂ ಜಗಳವಿರಲಿಲ್ಲ. ಇಬ್ಬರೂ ಗಜೇಂದ್ರಗಡದ ಕಡೆಯವರು. ಕುವೈತಿನ ರಿಗ್ಗೈಯಲ್ಲಿ ಒಂದೇ ಕೋಣೆಯಲ್ಲಿದ್ದು, ಒಂದೇ ಹಂಚಿನ ರೊಟ್ಟಿ ತಿಂದವರು. ಆದರೆ ಕೆಂಪು ಮೇಲೋ ಬಿಳಿ ಮೇಲೋ ಎಂಬ ಮಾತು ಬಂತೆಂದರೆ ಹಾವು ಮುಂಗುಸಿ.

ಅವರ ಕಫೀಲ್, ಅಂದರೆ ಅವರನ್ನು ಕೆಲಸಕ್ಕೆ ಕರೆಸಿಕೊಂಡ ಅರಬ ಮಾಲೀಕ, ತನ್ನ ಶುವೈಖ್ ಗ್ಯಾರೇಜಿಗೆ ಎರಡು ದೊಡ್ಡ ಅಮೆರಿಕನ್ ಪಿಕಪ್ ತರಿಸಿದ್ದ. ಒಂದಕ್ಕೊಂದು ಎದುರಾಳಿಯಾದ ಎರಡು ಕಂಪನಿಗಳವು. ಎರಡಕ್ಕೂ ಎಂಟು ಸಿಲಿಂಡರ್. ಚಳಿಗಾಲದಲ್ಲಿ ಮರುಭೂಮಿಯಲ್ಲಿ ಡೇರೆ ಹೂಡುವವರ ನೀರಿನ ಟ್ಯಾಂಕು, ಕೆಟ್ಟು ನಿಂತ ಲಾರಿ, ಹೀಗೆ ಏನೇ ಎಳೆಯಬೇಕಿದ್ದರೂ ಅವೇ ಹೋಗಬೇಕು. ಕೆಂಪನ್ನು ಓಡಿಸುತ್ತಿದ್ದವನು ಮೆಕ್ಯಾನಿಕ್ ಗುರುಸಿದ್ದ. ಬಿಳಿ ಡ್ರೈವರ್ ಸಿದ್ದಯ್ಯನದು. ಕಂಪನಿಯ ಹೆಸರು ಇಬ್ಬರ ಬಾಯಲ್ಲೂ ಬರುತ್ತಿರಲಿಲ್ಲ, ಬಣ್ಣದ ಹೆಸರೇ ಸಾಕಾಗಿತ್ತು.

"ಕಾಲಿಟ್ರ ಸಾಕು, ಬಾಣ ಬಿಟ್ಟಂಗ ಹೋಗ್ತದ ನಂದು" ಎಂದು ಗುರುಸಿದ್ದ ಶುರುಮಾಡುತ್ತಿದ್ದ.

"ಹೋಗ್ತದ, ಯಾರ ಬ್ಯಾಡಂದ್ರು? ಆದ್ರ ಖಾಲಿ ಇದ್ದಾಗ ಚಕ್ಕಡಿ ಕುಣಿದಂಗ ಕುಣೀತೈತಿ. ಡಾಕ್ಟರ್ ಫೀಜು ಯಾರು ಕೊಡ್ತಾರಲೇ ತಮ್ಮಾ? ನನ್ನ ಗಾಡ್ಯಾಗ ಕುಂತು ಚಾ ಕುಡಿ, ಒಂದು ಹನಿ ಚೆಲ್ಲಿದ್ರ ಕೇಳು."

ಶಕ್ತಿಯಲ್ಲಿ ಕೆಂಪು, ಸುಖದಲ್ಲಿ ಬಿಳಿ ಎಂದು ಹೊರಗಿನವರು ತೀರ್ಪು ಕೊಟ್ಟಿದ್ದರು. ಎಳೆಯುವುದರಲ್ಲಿ ಯಾವುದು ಎಂಬುದು ಮಾತ್ರ ಬಗೆಹರಿದಿರಲಿಲ್ಲ. ಶುಕ್ರವಾರ ಇಬ್ಬರೂ ಬಯಲಿಗೆ ಹೋಗಿ, ಬಾಲಕ್ಕೆ ಬಾಲ ಸರಪಳಿ ಬಿಗಿದು, ಹಗ್ಗಜಗ್ಗಾಟ ನಡೆಸುತ್ತಿದ್ದರು. ಎರಡೂ ಮರಳು ತೋಡಿಕೊಂಡು ಹೂತುಹೋಗುತ್ತಿದ್ದವೇ ಹೊರತು ಯಾವುದೂ ಸೋಲುತ್ತಿರಲಿಲ್ಲ. ಹೆತ್ತವರಿಗೆ ಹೆಗ್ಗಣ ಮುದ್ದು. ಹೆರದೆ ಇದ್ದ ಇವರಿಬ್ಬರಿಗೆ ಕಫೀಲನ ಗಾಡಿ ಅಷ್ಟೊಂದು ಮುದ್ದಾಗಿತ್ತಲ್ಲ, ಅದೇ ಸೋಜಿಗ.

೧೯೯೦ರ ಆಗಸ್ಟಿನಲ್ಲಿ ಇರಾಕಿನ ಸೈನ್ಯ ಬಂತು. ಕಫೀಲ್ ಸಂಸಾರ ಸಮೇತ ಸೌದಿಗೆ ದಾಟಿದ. ನಮ್ಮವರು ಊರಿಗೆ ಮರಳಲು ಸಾವಿರ ಸಾವಿರ ಸಂಖ್ಯೆಯಲ್ಲಿ ಜೋರ್ಡಾನಿನ ಅಮ್ಮಾನಿನ ದಾರಿ ಹಿಡಿದರು. ಈ ಇಬ್ಬರು ಪೆದ್ದರು ಮಾತ್ರ ಉಳಿದರು, ಗಾಡಿಗಳನ್ನು ಯಾರ ಕೈಗೆ ಒಪ್ಪಿಸಿ ಹೋಗುವುದೆಂದು. ಗುರುಸಿದ್ದ ತನ್ನ ಕೆಂಪಿನ ಗಾಲಿ ಕಳಚಿ, ಇಂಜಿನ್ನಿನ ಸಾಮಾನು ಬಿಚ್ಚಿ ಅಡಗಿಸಿ, ಅದನ್ನು ಗುಜರಿಯಂತೆ ಕಾಣಿಸಿದ. ಬಿಳಿಯನ್ನೂ ಹಾಗೆ ಮಾಡೋಣವೆಂದರೆ ಸಿದ್ದಯ್ಯ ಒಪ್ಪಲಿಲ್ಲ. "ಜೀವ ಇದ್ದದ್ದನ್ನ ಕೊಯ್ದಂಗ ಆಗ್ತದ, ನನ್ನ ಕೈಲಿ ಆಗೂದಿಲ್ಲ" ಎಂದ. ಫೆಬ್ರುವರಿ ಕೊನೆಯಲ್ಲಿ ಸೈನಿಕರು ಓಡಿಹೋಗುವಾಗ ಬಿಳಿ ಗಾಡಿ ಕಸಿದುಕೊಂಡರು. ಅದನ್ನು ನಡೆಸಲಿಕ್ಕೆ ಸಿದ್ದಯ್ಯನನ್ನೂ ಬಂದೂಕು ತೋರಿಸಿ ಕೂರಿಸಿಕೊಂಡು ಹೋದರು.

ಯುದ್ಧ ಮುಗಿಯಿತು. ಗುರುಸಿದ್ದ ಅಡಗಿಸಿಟ್ಟ ಸಾಮಾನು ತೆಗೆದು ಕೆಂಪನ್ನು ಮತ್ತೆ ಜೋಡಿಸಿದ. ಸೈನಿಕರು ಹಿಡಿದುಕೊಂಡು ಹೋಗಿದ್ದ ಜನರಲ್ಲಿ ಕೆಲವರು ಬಸ್ರಾದಿಂದ ನಡೆದೇ ಮರಳುತ್ತಿದ್ದರು, ಕೆಲವರು ಮರಳುತ್ತಿರಲಿಲ್ಲ. ಅಮೆರಿಕನ್ನರ ಉಪಗ್ರಹ ಫೋನಿಗೆ ಸಾಲುಗಟ್ಟಿ ನಿಂತು ಗುರುಸಿದ್ದ ಊರಿನ ಬೀಜದ ಅಂಗಡಿಗೆ ಕರೆ ಮಾಡಿದ. ಸಿದ್ದಯ್ಯನ ಹೆಂಡತಿ ಪಾರ್ವತೆವ್ವ ಬರುವ ಶುಕ್ರವಾರ ಫೋನಿನ ಹತ್ತಿರ ಬಂದು ಕಾಯುತ್ತಾಳೆಂದು ಅಂಗಡಿಯವರು ಹೇಳಿದರು. ಅವಳು ಕೇಳುವುದು ಒಂದೇ ಪ್ರಶ್ನೆ. ಇದ್ದಾನೆ ಎಂದರೆ ಸುಳ್ಳಾದೀತು, ಇಲ್ಲ ಎಂದರೆ ಅವಳ ಕೊರಳ ತಾಳಿಗೆ ತಾನೇ ಕೈ ಹಾಕಿದಂತೆ. ಅನ್ನ ಬಾಯಿಗೆ ಹೋಗದಷ್ಟು ಸಂಕಟವಾಯಿತು ಗುರುಸಿದ್ದನಿಗೆ.

ಗುರುವಾರ ಮುನಿಸ್ವಾಮಿ ಬಂದ. ಕೋಲಾರದವನು, ಈಗ ನೀರಿನ ಟ್ಯಾಂಕರ್ ಓಡಿಸುತ್ತಿದ್ದ.

"ನಿಮ್ಮ ಬಿಳಿ ಗಾಡಿ ನೋಡ್ದೆ ಕಣಣ್ಣ. ಬಸ್ರಾ ರೋಡಿನ ಮುತ್ಲಾ ದಿಬ್ಬ ದಾಟಿ ಆ ಕಡೆ, ರೋಡ್ ಪಕ್ಕದಾಗೆ ನಿಂತೈತೆ. ಒಳಗೆ ಯಾರೂ ಕಾಣ್ಲಿಲ್ಲ. ಇಳಿದು ನೋಡೋಕೆ ನಂಗೆ ಧೈರ್ಯ ಬರ್ಲಿಲ್ಲ."

"ನೀ ಬಾ ನನ್ನ ಕೂಡ."

"ನಂದು ಡ್ಯೂಟಿ ಐತೆ. ಬರೀ ನೋಡ್ಕೊಂಡು ಬಾರಣ್ಣ, ಎಳ್ಕೊಂಡು ಬರಬ್ಯಾಡ. ಹಿಂದಿನ ಗಾಡೀಲಿ ಸ್ಟೇರಿಂಗ್ ಹಿಡಿಯೋಕೆ ಒಬ್ರು ಬೇಕಲ್ವಾ?"

ಗುರುಸಿದ್ದ ಕೆಂಪು ಗಾಡಿಯಲ್ಲಿ ಒಬ್ಬನೇ ಹೊರಟ. ಮಧ್ಯಾಹ್ನದ ಹೊತ್ತು, ಆದರೆ ಎಣ್ಣೆಬಾವಿಗಳು ಉರಿಯುತ್ತಿದ್ದ ಆ ದಿನಗಳಲ್ಲಿ ಮಧ್ಯಾಹ್ನಕ್ಕೂ ಅಮಾವಾಸ್ಯೆಗೂ ವ್ಯತ್ಯಾಸವಿರಲಿಲ್ಲ. ದೀಪ ಹಾಕಿಯೇ ನಡೆಸಬೇಕು. ಗಾಜಿನ ಮೇಲೆ ಜಿಡ್ಡು ಜಿಡ್ಡಾದ ಕರಿ ಹನಿ ಬೀಳುತ್ತಿತ್ತು. ದಿಬ್ಬದ ಎರಡೂ ಬದಿಗೆ, ಓಡಿಹೋಗುವಾಗ ವಿಮಾನದ ಬಾಂಬಿಗೆ ಸಿಕ್ಕಿ ಸುಟ್ಟ ಸೈನಿಕರ ವಾಹನಗಳು, ಬಾಗಿಲು ತೆರೆದುಕೊಂಡು, ಯಾರನ್ನೋ ಕಾಯುತ್ತಿರುವ ಹಾಗೆ ನಿಂತಿದ್ದವು. ಒಂದು ನಾಯಿಯ ಸದ್ದೂ ಇರಲಿಲ್ಲ.

ಬಿಳಿ ಗಾಡಿ ಸಿಕ್ಕಿತು. ರೇಡಿಯೇಟರ್ ಒಡೆದಿತ್ತು, ಬ್ಯಾಟರಿ ಇರಲಿಲ್ಲ. ಸೀಟಿನ ಮೇಲೆ ಬೆರಳು ದಪ್ಪ ಮಸಿ. ರಕ್ತವಿಲ್ಲ, ಚಪ್ಪಲಿಯಿಲ್ಲ, ಏನೂ ಇಲ್ಲ. ಗುರುಸಿದ್ದ ಗಂಟಲು ಹರಿಯುವಂತೆ ಗೆಳೆಯನ ಹೆಸರು ಕೂಗಿದ. ಹೊಗೆ ಅದನ್ನು ನುಂಗಿಹಾಕಿತು.

ನೋಡಿಕೊಂಡು ಬಾ ಎಂದು ಮುನಿಸ್ವಾಮಿ ಹೇಳಿದ್ದನೇನೋ ಸರಿ. ಆದರೆ ಸಿದ್ದಯ್ಯನ ಗಾಡಿಯನ್ನು ಆ ಸ್ಮಶಾನದಲ್ಲಿ ಬಿಟ್ಟು ಬರಲು ಗುರುಸಿದ್ದನಿಗೆ ಮನಸ್ಸಾಗಲಿಲ್ಲ. ದಿಬ್ಬದ ತಲೆಯವರೆಗೆ ಸಮ ರಸ್ತೆ, ಅಲ್ಲಿಯವರೆಗೆ ನಿಧಾನ ಎಳೆದು ನಿಲ್ಲಿಸಿ, ಮರುದಿನ ಯಾರನ್ನಾದರೂ ಕರೆತಂದರಾಯಿತು ಎಂದುಕೊಂಡ. ಎಳೆಯುವ ಮುಂಚೆ ಗಾಡಿಯ ಕೆಳಗೆ ಮಲಗಿ ಬ್ರೇಕು ನೋಡುವುದು ಅವನ ಪದ್ಧತಿ. ಮರಳಿನಲ್ಲಿ ಹೂತಿಟ್ಟ ನೆಲಬಾಂಬು ಇದ್ದೀತೆಂಬ ಹೆದರಿಕೆಯಲ್ಲಿ ಅಂದು ಅದನ್ನೂ ಬಿಟ್ಟ. ಸರಪಳಿ ಬಿಗಿದು ಹೊರಟ.

ಹೊಗೆ ಇಳಿದು ನೆಲ ಮುಟ್ಟಿತು. ಗಾಡಿಯ ಮೂತಿ ಕೆಳಗೆ ವಾಲಿದಾಗಲೇ ಅವನಿಗೆ ತಾನು ದಿಬ್ಬದ ತಲೆ ದಾಟಿ ಇಳಿಜಾರಿಗೆ ಬಂದದ್ದು ಗೊತ್ತಾದದ್ದು. ಇಳಿಜಾರಿನಲ್ಲಿ ಹಿಂದಿನ ಗಾಡಿಗೆ ಬ್ರೇಕ್ ಹಿಡಿಯುವವರಿಲ್ಲದಿದ್ದರೆ ಸರಪಳಿ ಸಡಿಲಾಗಿ, ಅದು ಬಂದು ಮುಂದಿನದಕ್ಕೆ ಗುದ್ದಲೇಬೇಕು. ಅವನು ಹಲ್ಲು ಕಚ್ಚಿ ಕಾದ.

ಗುದ್ದಲಿಲ್ಲ. ಸರಪಳಿ ಬಿಗಿಯಾಗಿಯೇ ಇತ್ತು. ತಿರುವು ಬಂದಲ್ಲಿ ಹಿಂದಿನ ಗಾಡಿ ತಿರುಗಿತು. ವೇಗ ಹೆಚ್ಚಾದಲ್ಲಿ ಮೆತ್ತಗೆ ಹಿಡಿಯಿತು, ಬಿಟ್ಟಿತು, ಮತ್ತೆ ಹಿಡಿಯಿತು. ಕುವೈತಿನಲ್ಲಿ ಹಾಗೆ ಬ್ರೇಕ್ ಹಿಡಿಯುವ ಕಾಲು ಒಂದೇ ಇದ್ದದ್ದು.

"ಯಣ್ಣಾ, ಎಲ್ಲಿ ಅಡಗಿ ಕುಂತಿದ್ಯೋ? ಯಾವಾಗ ಹತ್ತಿದಿ?" ಗುರುಸಿದ್ದ ಕಿಟಕಿಯಿಂದ ಕೂಗಿದ. ಹೊಟ್ಟೆಯಲ್ಲಿ ಹಾಲು ಸುರಿದಷ್ಟು ಸಂತೋಷ. ಕನ್ನಡಿಯಲ್ಲಿ ಕರಿ ಹೊಗೆ ಬಿಟ್ಟರೆ ಏನೂ ಕಾಣಲಿಲ್ಲ.

ಆಗಲೇ ಸರಪಳಿ ಜಗ್ಗಿ, ಕೆಂಪು ಗಾಡಿ ಗಕ್ಕನೆ ನಿಂತಿತು. ಬಾಗಿಲು ತೆಗೆದು ಬಗ್ಗಿ ನೋಡಿದರೆ, ಬಾಂಬು ಬಿದ್ದು ಇಳಿಯುವ ಬದಿಯ ರಸ್ತೆಯೇ ಅರ್ಧ ಹಾರಿಹೋಗಿತ್ತು. ಮುಂದಿನ ಒಂದು ಗಾಲಿ ಹೊಂಡದ ಅಂಚಿನಲ್ಲಿ ಗಾಳಿಯಲ್ಲಿ ತಿರುಗುತ್ತಿತ್ತು. ಮಣ್ಣು ಕುಸಿಯುತ್ತಿತ್ತು. ಅವನು ರಿವರ್ಸ್ ಹಾಕಲು ಕೈ ನೀಡುವ ಮೊದಲೇ ಕೆಂಪು ಗಾಡಿ ಹಿಂದಕ್ಕೆ ಸರಿಯಿತು. ಮೊದಲು ಒಂದು ಗೇಣು, ಆಮೇಲೆ ಒಂದು ಮಾರು. ಇಂಜಿನ್ ಸತ್ತ ಬಿಳಿ ಗಾಡಿ, ಏರಿನ ಕಡೆಗೆ, ಅವನನ್ನು ಎಳೆದುಕೊಂಡಿತು.

ಸಂತೋಷ ಇದ್ದಲ್ಲೇ ಹೆಪ್ಪುಗಟ್ಟಿತು. ಇಳಿದು ಹಿಂದೆ ಹೋಗಿ ನೋಡಲು ಅವನಿಗೆ ಧೈರ್ಯವಾಗಲಿಲ್ಲ. ಯಾರೂ ಇಲ್ಲದಿದ್ದರೆ ಎಂದೂ ಹೆದರಿಕೆ, ಇದ್ದರೆ ಎಂದೂ ಹೆದರಿಕೆ. ಹೊಂಡ ಬಳಸಿ ಕೆಳಗಿಳಿದ.

ದಿಬ್ಬದ ಬುಡದಲ್ಲಿ ಕುವೈತಿ ಸೈನಿಕನೊಬ್ಬ ತಡೆದ. ಎಳೆಯ ಮುಖ, ಕೈಯಲ್ಲಿ ಟಾರ್ಚು. ಗುರುಸಿದ್ದನ ಇಕಾಮಾ, ಅಂದರೆ ವಾಸದ ಪರವಾನಗಿ, ನೋಡಿದ. ಹಿಂದಿನವನದ್ದೂ ನೋಡಬೇಕೆಂದು ಬಿಳಿ ಗಾಡಿಯ ಕಡೆ ನಡೆದ. ಹೊಗೆಯಲ್ಲಿ ಟಾರ್ಚಿನ ಬೆಳಕು ಆ ಕಿಟಕಿಯ ಹತ್ತಿರ ನಿಂತಿತು. ಮಾತಿನ ಗುಜುಗುಜು ಕೇಳಿತು. ಸೈನಿಕ ನಕ್ಕ. ಆಮೇಲೆ ವಾಪಸು ಬಂದು ಅರಬಿಯಲ್ಲಿ ಹೇಳಿದ:

"ನಿನ್ನ ಗೆಳೆಯ ತಮಾಷೆಯವನು. ಎಳೆಯುವುದಕ್ಕೆ ಕೆಂಪಿಗಿಂತ ಬಿಳಿಯೇ ಮೇಲಂತೆ. ಇವತ್ತು ಸಾಬೀತಾಯಿತಂತೆ. ಯಲ್ಲಾ, ಹೋಗು."

ಗುರುಸಿದ್ದ ಇಳಿದು ಓಡಿದ. ಬಿಳಿ ಗಾಡಿಯ ಬಾಗಿಲು ತೆಗೆದ. ಸೀಟಿನ ಮೇಲೆ ಅದೇ ಬೆರಳು ದಪ್ಪ ಮಸಿ, ಯಾರೂ ಕೂತ ಗುರುತಿರಲಿಲ್ಲ. ಟಾರ್ಚು ಕಸಿದುಕೊಂಡು ಗಾಡಿಯ ಕೆಳಗೆ ನುಗ್ಗಿದ. ನಾಲ್ಕೂ ಗಾಲಿಗೆ ಹೋಗುವ ಬ್ರೇಕಿನ ಪೈಪನ್ನು ಯಾರೋ ಕತ್ತರಿಸಿಹಾಕಿದ್ದರು. ಅದರೊಳಗೆ ಒಂದು ಹನಿ ಎಣ್ಣೆಯೂ ಇರಲಿಲ್ಲ, ಮರಳು ತುಂಬಿತ್ತು. ಆ ಗಾಡಿ ಎಷ್ಟೋ ದಿನಗಳಿಂದ ಯಾರ ಕಾಲಿಗೂ ನಿಲ್ಲುವಂತಿರಲಿಲ್ಲ. ಸೈನಿಕ ಖಾಲಿ ಸೀಟು ನೋಡಿ ದೇವರ ಹೆಸರು ಹೇಳುತ್ತಾ ಹಿಂದೆ ಹಿಂದೆ ಸರಿದ. ಗುರುಸಿದ್ದ ಗಾಲಿಯನ್ನು ತಬ್ಬಿಕೊಂಡು, ದೊಡ್ಡ ದನಿ ತೆಗೆದು ಅತ್ತ.

ಶುಕ್ರವಾರ ಫೋನಿನ ಸಾಲಿನಲ್ಲಿ ನಿಂತಾಗ ಏನು ಹೇಳಬೇಕೆಂದು ಅವನಿಗೆ ಗೊತ್ತಿತ್ತು. ಹೇಗೆ ಹೇಳಬೇಕೆಂದು ಗೊತ್ತಿರಲಿಲ್ಲ. ಪಾರ್ವತೆವ್ವನ ದನಿ ಬಾವಿಯ ತಳದಿಂದ ಬಂದಷ್ಟು ದೂರವಿತ್ತು.

"ಸುಳ್ಳು ಹೇಳಬ್ಯಾಡ ತಮ್ಮಾ. ಅದಾರೋ ಇಲ್ಲೋ?"

"ಇಲ್ಲ ವೈನಿ."

ಅವಳು ಅಳಲಿಲ್ಲ. "ನೀ ಕಣ್ಣಿಲೆ ನೋಡಿದೇನು?"

ಆಗ ಅವನು ಎಲ್ಲವನ್ನೂ ಹೇಳಿದ. ಇಳಿಜಾರು, ಹೊಂಡ, ಬಿಗಿಯಾದ ಸರಪಳಿ, ಕತ್ತರಿಸಿದ ಪೈಪು. ಹುಚ್ಚನೆಂದು ಬೈದರೆ ಬೈಯಲಿ ಎಂದೇ ಹೇಳಿದ. ಸಾಲಿನ ಹಿಂದಿನವರು ಖಲಾಸ್ ಖಲಾಸ್ ಎಂದು ಗದ್ದಲ ಎಬ್ಬಿಸುತ್ತಿದ್ದರು.

"ಹಂಗಾರ ನಿನ್ನ ದಡ ಮುಟ್ಟಿಸಿಯೇ ಹ್ವಾದ್ರು" ಎಂದಳು. ಆಮೇಲೆ ಅವಳ ದನಿ ಒಡೆಯಿತು. "ನನ್ನ ಹಂತ್ಯಾಕ ಬರಾಕ ಅವರಿಗೆ ದಾರಿ ಭಾಳ ದೂರ ಆತೇನೋ, ತಮ್ಮಾ."